ಕೆಟ್ಟರೆ ಮಾತ್ರ ಕರೆಯುವ ಮನೆ

ಹುಣಸೂರಿನಲ್ಲಿ ಅಂಗಡಿ ಇಟ್ಟುಕೊಂಡು, ಸುತ್ತಲ ಊರುಗಳ ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವವನು ನಾನು. ಈ ಕಸುಬಿನಲ್ಲಿ ನಗು ಬರಿಸುವ ಪ್ರಸಂಗ ಒಂದೂ ನಡೆಯದೆ ವಾರ ಕಳೆಯಿತು ಅಂದರೆ ಆ ವಾರ ಅಂಗಡಿಗೆ ರಜಾ ಇತ್ತು ಅಂತಲೇ ಅರ್ಥ. ಎಲ್ಲ ಹೇಳುತ್ತಾ ಕೂತರೆ ಮುಗಿಯುವುದಿಲ್ಲ. ಒಂದೇ ಮನೆಗೆ ಸಂಬಂಧಪಟ್ಟ ಕೆಲವನ್ನು ಹೇಳುತ್ತೇನೆ.

ಆ ಮನೆ ಅಂತರಸಂತೆಯಲ್ಲಿದೆ. ಅಲ್ಲಿರುವವರು ಇಬ್ಬರು. ಪ್ರೈಮರಿ ಸ್ಕೂಲಿನ ಟೀಚರ್ ಒಬ್ಬರು, ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿ ರಿಟೈರ್ ಆದ ಅವರ ತಂದೆ. ಟೀಚರಿಗೆ ಮೂವತ್ತನಾಲ್ಕು, ನನಗೆ ಮೂವತ್ತೆಂಟು, ಇಬ್ಬರಿಗೂ ಮದುವೆಯಾಗಿಲ್ಲ. ಮೊದಲ ಸಲ ಹೋಗಿ ಹೊಸ ಓಎಸ್ ಹಾಕುತ್ತಿದ್ದಾಗ ಅವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, "ಇದು ಯಾಕೆ ಹೀಗೆ ಸರ್?" ಅಂತ ಕೇಳಿದರು. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ನನ್ನನ್ನು ಯಾಕೆ ಅಂತ ಕೇಳಿರಲಿಲ್ಲ. ಎಲ್ಲರೂ ಕೇಳುವುದು "ಯಾವಾಗ ಆಗುತ್ತೆ?" ಅಂತ. ಅವರ ಸಿಸ್ಟಮ್ ಸರಿಹೋಯಿತು, ನಾನು ಕೆಟ್ಟೆ.

ನಮ್ಮ ಕಡೆ ಮದುವೆಗಿರುವ ಹೆಣ್ಣುಮಗಳ ಮನೆಗೆ ಕೆಲಸವಿಲ್ಲದೆ ಎರಡನೇ ಸಲ ಹೋದರೆ ಇಡೀ ಊರಿಗೆ ಉತ್ತರ ಕೊಡಬೇಕು. ಹಾಗಾಗಿ ಅವರನ್ನು ನೋಡಬೇಕಾದರೆ ಆ ಕಂಪ್ಯೂಟರ್ ಕೆಡಬೇಕಿತ್ತು. ಬೇರೆ ದಾರಿ ಇರಲಿಲ್ಲ.

೧. ಹದ ಬರಬೇಕು

ಎರಡನೇ ಸಲ ಫೋನ್ ಬಂದದ್ದು ಒಂದು ಶನಿವಾರ. "ಸೌಂಡ್ ಬರ್ತಿಲ್ಲ ಸರ್. ನಾಲ್ಕು ಗಂಟೆಯೊಳಗೆ ಬರ್ತೀರಾ? ಆಮೇಲೆ ನಾನು ಊರಲ್ಲಿರಲ್ಲ."

ಆಗ ನಾನು ಹುಣಸೂರಿನ ಪಕ್ಕದ ಹಳ್ಳಿಯಲ್ಲಿ, ಹೊಗೆಸೊಪ್ಪು ಬೆಳೆಯುವ ಗೌಡರೊಬ್ಬರ ಮನೆಯಲ್ಲಿದ್ದೆ. ಹಳೇ ಓಎಸ್‌ನಿಂದ ಹೊಸದಕ್ಕೆ ಅಪ್‌ಗ್ರೇಡ್ ಮಾಡಲು ಹಚ್ಚಿದ್ದೆ. "ಎರಡು ಗಂಟೆ ತಗೊಳ್ಳುತ್ತೆ ಗೌಡ್ರೇ. ಅದರಷ್ಟಕ್ಕೆ ಅದು ಆಗ್ತಿರುತ್ತೆ. ಸ್ವಲ್ಪ ನೋಡ್ಕೊಳ್ತಿರಿ," ಅಂತ ಹೇಳಿ ಪೇಟೆಗೆ ಹೋಗಿ ಕಟಿಂಗ್, ಶೇವಿಂಗ್ ಎರಡೂ ಮಾಡಿಸಿಕೊಂಡು ಬಂದೆ.

"ನೋಡ್ಕೊಳ್ತಿರಿ" ಅಂದದ್ದೇ ತಪ್ಪಾಯಿತು. ಹೊಗೆಸೊಪ್ಪಿನವರಿಗೆ ನೋಡಿಕೊಳ್ಳುವುದು ಅಂದರೆ ಸೊಪ್ಪು ಒಣಗಿಸುವ ಬ್ಯಾರನ್ ನೋಡಿಕೊಳ್ಳುವುದು. ಸೊಪ್ಪು ತೂಗುಹಾಕಿ, ಗಾಳಿಯಾಡದಂತೆ ಮುಚ್ಚಿ, ಶಾಖವನ್ನು ನಿಧಾನಕ್ಕೆ ಏರಿಸುತ್ತಾ ಕೂರುವುದು. ನಾನು ಬಂದಾಗ ರೂಮಿನ ಕಿಟಕಿ ಮುಚ್ಚಿತ್ತು, ಫ್ಯಾನ್ ನಿಂತಿತ್ತು, ಬಾಗಿಲ ಸಂದಿಗೆ ಗೋಣಿಚೀಲ ತುರುಕಿತ್ತು. ಸಿಪಿಯು ಮೇಲೆ ಎರಡು ಕಂಬಳಿ ಹೊದಿಸಿ, ಗೌಡರು ಬರಿಮೈಯಲ್ಲಿ ಬೆವರು ಸುರಿಸುತ್ತಾ ಒಳಗೆ ಕೈ ತೂರಿಸಿ ಬಿಸಿ ನೋಡುತ್ತಿದ್ದರು.

"ಏನು ಗೌಡ್ರೇ ಇದು!"

"ಗಾಳಿ ಆಡಿದ್ರೆ ಒಂದೇ ಸಮ ಕಾಯಾಕಿಲ್ಲ ಕಣ್ರೀ. ಅರವತ್ತೆರಡಕ್ಕೆ ಬಂದಿತ್ತು, ಚೆಂದಾಗೇ ಏರ್ತಿತ್ತು. ಇದ್ದಕ್ಕಿದ್ದಂಗೆ ನಂದೋಯ್ತು."

ಪರದೆಯ ಮೇಲೆ ಎಷ್ಟು ಪರ್ಸೆಂಟ್ ಆಯಿತು ಅಂತ ತೋರಿಸುವ ಅಂಕಿಯನ್ನು ಅವರು ಶಾಖದ ಅಂಕಿ ಅಂದುಕೊಂಡಿದ್ದರು. ಬಿಸಿ ತಡೆಯಲಾರದೆ ಮಿಷನ್ ತಾನೇ ಆಫ್ ಆಗಿತ್ತು. ಮೊದಲಿಂದ ಶುರು ಮಾಡಿದೆ. ಮೂರಾಯಿತು, ಮೂರೂವರೆ ಆಯಿತು. ಟೀಚರ್ ಫೋನ್ ಮಾಡಿ, "ನಾನು ಹೊರಟೆ ಸರ್, ಅಪ್ಪ ಮನೇಲಿರ್ತಾರೆ," ಅಂದರು. ನನ್ನ ಕಟಿಂಗ್ ದಂಡವಾಯಿತು.

ಕೊನೆಗೆ ಹೊಸ ಪರದೆ ಬಂದಾಗ ಗೌಡರು ಕಣ್ಣು ಕಿರಿದು ಮಾಡಿ ನೋಡಿ, "ಬಣ್ಣ ಒಳ್ಳೇದು ಬಂದದೆ ಬುಡಿ. ಆದ್ರೂ ಇಷ್ಟೊಂದು ಅವಸ್ರ ಯಾಕೆ ನಿಮ್ಗೆ? ಮನೇಲಿ ಕಾಯೋರು ಯಾರವ್ರೆ?" ಅಂದರು.

೨. ಕಾಡಿನವರ ಕಾವಲು

ಅವತ್ತು ಸಂಜೆ ಅಂತರಸಂತೆ ಮುಟ್ಟಿದಾಗ ಸಿಕ್ಕವರು ತಂದೆ ಮಾತ್ರ. ಸೌಂಡ್ ಸರಿ ಮಾಡಿದೆ. ಯಜಮಾನರು ವೈರಸ್ ಬಗ್ಗೆ ವಿಚಾರಿಸಿದರು. ಹೊರಗಿನಿಂದ ಬರುವುದನ್ನು ತಡೆಯಲು ಒಂದು ಬೇಲಿ ಇರುತ್ತೆ, ಅದನ್ನು ಫೈರ್‌ವಾಲ್ ಅಂತಾರೆ ಅಂತ ವಿವರಿಸಿದೆ. ಅವರ ಮುಖ ಅರಳಿತು.

"ಅಂಗೇಳು ಮತ್ತೆ! ಮೂವತ್ತು ವರ್ಸ ನಾನು ಮಾಡಿದ್ದೂ ಅದೇ ಕೆಲ್ಸ ಕಣಪ್ಪ. ನಮ್ಮಲ್ಲಿ ಫೈರ್‌ಲೈನ್ ಅಂತೀವಿ."

ಅವರ ಮಗಳ ಮೇಲೆ ಮನಸ್ಸಿಟ್ಟವನಿಗೆ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸದೆ ಇರಲಾಗುತ್ತದೆಯೇ? "ಅದೇ ಯಜಮಾನ್ರೇ, ಅದೇ," ಅಂದುಬಿಟ್ಟೆ. ಫೈರ್‌ಲೈನ್ ಅಂದರೆ ಏನು ಅಂತ ಕೇಳಬೇಕಿತ್ತು. ಬೇಸಿಗೆ ಬರುವ ಮುಂಚೆ ಇಲಾಖೆಯವರೇ ಕಾಡಿನಲ್ಲಿ ಒಂದು ಪಟ್ಟಿ ಸುಟ್ಟುಬಿಡುತ್ತಾರೆ. ಉರಿಯಲು ಏನೂ ಉಳಿದಿರದ ಕಾರಣ ಬೆಂಕಿ ಅಲ್ಲಿಂದ ಆಚೆ ದಾಟುವುದಿಲ್ಲ.

ಹತ್ತು ದಿನಕ್ಕೆ ಟೀಚರ್ ಫೋನ್. ಸಿಸ್ಟಮ್ ಆನೇ ಆಗುತ್ತಿಲ್ಲ. ಅಂಗಡಿಗೆ ಬೀಗ ಹಾಕಿ, ಬೈಕನ್ನು ದಾರಿಯಲ್ಲಿ ಸಿಗುವ ಕೋಟೆ ಪೇಟೆಯಲ್ಲೂ ನಿಲ್ಲಿಸದೆ ಹೋದೆ. "ಏನಾದ್ರೂ ಡಿಲೀಟ್ ಮಾಡಿದ್ರಾ?" ಅಂತ ಕೇಳಿದೆ. ಟೀಚರ್ ಇಲ್ಲ ಅಂದರು. ಯಜಮಾನರು ಕೈ ಹಿಂದೆ ಕಟ್ಟಿಕೊಂಡು ಮುಂದೆ ಬಂದರು.

"ನಾನೇ ಕಣಪ್ಪ. ಬೇಲಿ ಒಂದ್ನೇ ನಂಬ್ಕೊಂಡು ಕೂರಕ್ಕಾಯ್ತದಾ? ಸಿ ಡ್ರೈವ್‌ನಲ್ಲಿ ಒಂದು ಸಾಲು ಅಳಿಸ್ದೆ. ಮಾಡ್ಬೇಡ ಮಾಡ್ಬೇಡ ಅಂತ ಅದು ಬೇಡ್ಕೊತಾನೇ ಇತ್ತು, ನಾನು ಬುಡ್ಲಿಲ್ಲ. ಇನ್ನು ವೈರಸ್ ಬಂದ್ರೂ ಒಳೀಕೆ ದಾಟಾಕಾಗಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ಯಾವ ವೈರಸ್ಸೂ ಒಳಗೆ ಹೋಗುವ ಹಾಗಿರಲಿಲ್ಲ. ಅವರ ಮಗಳೂ ಹೋಗುವ ಹಾಗಿರಲಿಲ್ಲ.

೩. ಬಾಕಿ ಇಟ್ಟ ಕೆಲಸ

ಆ ರಿಪೇರಿಗೆ ಮೂರು ಗಂಟೆ ಹಿಡಿಯಿತು. ಟೀಚರ್ ಪಕ್ಕದಲ್ಲೇ ಕೂತು ಒಂದೊಂದಕ್ಕೂ ಯಾಕೆ ಅಂತ ಕೇಳಿದರು. ಸ್ಕೂಲ್ ಮಕ್ಕಳ ಫೋಟೋಗಳೆಲ್ಲ ವಾಪಸ್ ಬಂದಾಗ ಬಾಯಿ ತುಂಬ ನಕ್ಕರು. ಆ ನಗು ಇಟ್ಟುಕೊಂಡು ಹುಣಸೂರಿನ ದಾರಿ ಹಿಡಿದವನು ಅರ್ಧ ದಾರಿಯಲ್ಲಿ ಬೈಕ್ ನಿಲ್ಲಿಸಿಬಿಟ್ಟೆ. ಸಿಸ್ಟಮ್ ಪೂರ್ತಿ ಸರಿಯಾಗಿದೆ. ಇನ್ನು ಯಾಕೆ ಕರೆಯುತ್ತಾರೆ?

ಹೇಗೋ ಮತ್ತೆ ಕರೆ ಬಂತು. ಆ ಸಲದಿಂದ ಒಂದೊಂದು ಸಣ್ಣ ಕೆಲಸ ಬಾಕಿ ಇಟ್ಟು ಬರತೊಡಗಿದೆ. ಮಾಡಬಾರದ ಕೆಲಸವೇ, ಒಪ್ಪುತ್ತೇನೆ. ಪ್ರಿಂಟರಿನ ಹಳೇ ಡ್ರೈವರ್ ಹಾಗೇ ಬಿಟ್ಟೆ. ಇನ್ನೊಂದು ಸಲ ಕಂಪ್ಯೂಟರಿನ ತಾರೀಕು ಒಂದು ವರ್ಷ ಹಿಂದಿಟ್ಟು ಬಂದೆ, ವೆಬ್‌ಸೈಟ್‌ಗಳು ಬಾಗಿಲು ತೆಗೆಯಲಿಲ್ಲ. ಅವರ ಕೆಲಸ ನಿಲ್ಲಬಾರದು, ಆದರೆ ನನ್ನ ನೆನಪಾಗಬೇಕು. ಅಷ್ಟು ಅಳತೆಯ ತೊಂದರೆ ಹುಡುಕುವುದು ರಿಪೇರಿಗಿಂತ ಕಷ್ಟ. ಆ ಸಲಗಳಲ್ಲಿ ಚಾರ್ಜ್ ತೆಗೆದುಕೊಳ್ಳಲಿಲ್ಲ. ತಾರೀಕು ತಿದ್ದುವುದಕ್ಕೆ ಒಂದು ಗಂಟೆ ಮಾತ್ರ ತೆಗೆದುಕೊಂಡೆ.

ಇದರ ಫಲ ಬೇರೆ ಕಡೆ ಕಾಣಿಸಿತು. ಅಂತರಸಂತೆಯ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸು ನನ್ನನ್ನು ನೋಡಿ ಪಕ್ಕದವಳಿಗೆ, "ಟೀಚರ್ ಮನೆ ಕಂಪ್ಯೂಟರ್‌ನೋನು ಕಣಕ್ಕಾ. ಪಾಪ, ಓದಿರೋನೇ, ಕೆಲ್ಸ ಬರಾಕಿಲ್ಲ," ಅಂದಳು. ಎಷ್ಟೋ ವರ್ಷದಿಂದ ನನ್ನನ್ನೇ ಕರೆಯುತ್ತಿದ್ದ ಹಂಪಾಪುರದ ಗಿರಾಕಿಯೊಬ್ಬರು ಫೋನ್ ಮಾಡಿ, "ಬೇಜಾರ್ ಮಾಡ್ಕೋಬ್ಯಾಡಿ. ನಮ್ದು ಒಂದೇ ಸಲಕ್ಕೆ ಸರಿ ಆಗ್ಬೇಕಿತ್ತು, ಅದ್ಕೇ ಬ್ಯಾರೆಯೋರ್ನ ಕರೆಸ್ದೋ," ಅಂದರು.

ಮಾನ ಹೋದರೂ ಪರವಾಗಿಲ್ಲ, ಫೋನ್ ಬಂದರೆ ಸಾಕು ಅಂತ ಇದ್ದೆ. ಒಂದು ದಿನ ಯಜಮಾನರು ನನ್ನನ್ನು ಗೇಟಿನವರೆಗೆ ಕಳಿಸಲು ಬಂದು ಹೆಗಲ ಮೇಲೆ ಕೈ ಇಟ್ಟರು.

"ನೀನು ಒಳ್ಳೇ ಉಡುಗ ಕಣಪ್ಪ. ಆದ್ರೆ ಈ ಕೆಲ್ಸ ನಿನ್ಗೆ ಒಗ್ಗಾಕಿಲ್ಲ. ನಾಳಿಕ್ಕೆ ಮೈಸೂರಿಂದ ಒಬ್ರು ಬತ್ತಾವ್ರೆ. ನೀನು ಕೋಳಿ ಗೀಳಿ ಸಾಕು, ನಿಂಗೆ ತಾಳ್ಮೆ ಅದೆ."

೪. ಚೆಂದಾಗದೆ

ಎರಡು ತಿಂಗಳು ಫೋನ್ ಬರಲಿಲ್ಲ. ಬೇರೆಯವರ ಸಿಸ್ಟಮ್ ಮುಂದೆ ಕೂತಾಗಲೂ ಪಕ್ಕದಲ್ಲಿ ಯಾರಾದರೂ ಯಾಕೆ ಅಂತ ಕೇಳುತ್ತಾರೇನೋ ಅಂತ ಕಿವಿ ಕಾಯುತ್ತಿತ್ತು. ಯಾರೂ ಕೇಳಲಿಲ್ಲ. ಕೆಲವರಿಗೆ ನಾನೇ ಹೇಳಲು ಹೋದೆ. "ಅದೆಲ್ಲ ನಮ್ಗ್ಯಾಕೆ ಬುಡಿ, ಯಾವಾಗ ಆಯ್ತದೆ?" ಅಂದರು.

ತಡೆಯಲಾಗದೆ ಒಂದು ದಿನ ನಾನೇ ಫೋನ್ ಮಾಡಿದೆ. ಹಳೇ ಗಿರಾಕಿಗಳನ್ನೆಲ್ಲ ವಿಚಾರಿಸುತ್ತಿದ್ದೇನೆ ಅನ್ನುವ ಧಾಟಿಯಲ್ಲಿ ಶುರು ಮಾಡಿದೆ. ಎತ್ತಿದವರು ಯಜಮಾನರು.

"ಸಿಸ್ಟಮ್ ಹೇಗಿದೆ ಯಜಮಾನ್ರೇ?"

"ಚೆಂದಾಗದೆ."

"ಸ್ಲೋ ಏನಾದ್ರೂ?"

"ಇಲ್ಲ, ಓಡ್ತಾ ಅದೆ."

"ಪ್ರಿಂಟರ್?"

"ಅದೂ ಚೆಂದಾಗದೆ."

"ಒಂದು ಸಣ್ಣ ತೊಂದರೇನೂ ಇಲ್ವಾ?"

"ಇಲ್ಲ ಕಣಪ್ಪ. ಯಾಕೆ ಅಳ್ತಿದ್ದೀಯಾ?"

೫. ಡೈರಿ

ಆಮೇಲೆ ವಾರವೂ ಆಗಿರಲಿಲ್ಲ, ಯಜಮಾನರೇ ಫೋನ್ ಮಾಡಿದರು. "ಆ ಮೈಸೂರೋನೂ ನಿನ್ನಂಗೇ ಕಣಪ್ಪ. ಪರದೆಯೆಲ್ಲ ತಲೆಕೆಳಗಾಗ್ಬುಟ್ಟದೆ. ಬಾ."

ಹೋದೆ. ನಿಜವಾಗಿಯೂ ಅಕ್ಷರ, ಚಿತ್ರ ಎಲ್ಲ ತಲೆಕೆಳಗಾಗಿ ನಿಂತಿದ್ದವು. ಸೆಟ್ಟಿಂಗ್ಸ್‌ನಲ್ಲಿ ಒಂದು ನಿಮಿಷದ ಕೆಲಸ. ಮುಗಿಸಿ, ಅಪ್‌ಡೇಟ್, ಡ್ರೈವರ್, ತಾರೀಕು ಎಲ್ಲ ನೋಡಿದೆ. ಈ ಸಲ ಏನೂ ಬಾಕಿ ಇಡಲಿಲ್ಲ. ಇನ್ನೊಂದು ಎರಡು ತಿಂಗಳು ತಡೆಯುವ ಶಕ್ತಿ ನನಗಿರಲಿಲ್ಲ. ಹಿರಿಯರನ್ನು ಕಳಿಸಿ ಕೇಳಿಸಬೇಕಾದ ಮಾತನ್ನು ನಾನೇ ಕೇಳಿದೆ.

"ಯಜಮಾನ್ರೇ, ನಿಮ್ಮ ಮಗಳು ಒಪ್ಪಿದ್ರೆ, ನನಗೆ ಕೊಟ್ಟು ಮದುವೆ ಮಾಡ್ತೀರಾ?"

ಪಕ್ಕದಲ್ಲಿ ಕೂತಿದ್ದ ಟೀಚರ್ ದಡಕ್ಕನೆದ್ದು ಅಡುಗೆಮನೆಗೆ ಹೋದರು. ಯಜಮಾನರು ಒಳಗಿಂದ ಡೈರಿ ತಂದರು. ಕಾಡಿನಲ್ಲಿ ಕಂಡದ್ದನ್ನೆಲ್ಲ ದಿನಾ ಬರೆದಿಡುವ ಅಭ್ಯಾಸ, ಮನೆಯಲ್ಲೂ ಬಿಟ್ಟಿರಲಿಲ್ಲ.

"ನಾನು ಅಳಿಸಿದ್ದು ಬುಟ್ಟು ಎಂಟು ಸಲ ನೀನು ಸರಿ ಮಾಡಿದ್ಮೇಲೂ ಕೆಟ್ಟದೆ. ಎಲ್ಲಾ ಬರ್ದಿವ್ನಿ. ಒಂದು ಮಿಷನ್ ಬಾಳಿಸಾಕೆ ಬರದೋನು ನನ್ ಮಗಳ ಜೊತೆ ಎಂಗ್ಲಾ ಬಾಳ್ತೀಯ?"

ಈಗ ನನಗಿದ್ದದ್ದು ಎರಡೇ ದಾರಿ. ಕೆಲಸ ಬಾರದವನು ಅಂತ ಒಪ್ಪಿಕೊಳ್ಳಬೇಕು, ಇಲ್ಲವೇ ಮೋಸಗಾರ ಅಂತ. ಸುಳ್ಳು ಹೇಳಿ ಹೆಣ್ಣು ಕೇಳುವುದು ಬೇಡ ಅನ್ನಿಸಿತು. ಬಾಕಿ ಇಟ್ಟು ಹೋದದ್ದನ್ನು ಒಂದೊಂದಾಗಿ ಹೇಳಿದೆ. ಯಾಕೆ ಇಟ್ಟೆ ಅನ್ನುವುದನ್ನೂ ಹೇಳಿದೆ. ಅವರು ಡೈರಿ ನೋಡುತ್ತಾ ಒಂದೊಂದಕ್ಕೂ ಗೀಟು ಹಾಕಿದರು.

"ಐದಾಯ್ತು. ಇನ್ ಮೂರು?"

ತಲೆ ಕೆರೆದುಕೊಂಡೆ. "ಆ ಮೂರು ನಾನು ಬಿಟ್ಟಿದ್ದಲ್ಲ ಯಜಮಾನ್ರೇ. ಯಾಕೆ ಕೆಟ್ಟಿದ್ವೋ ನನಗೂ ಗೊತ್ತಾಗಲಿಲ್ಲ."

ಯಜಮಾನರು ಡೈರಿ ಮುಚ್ಚಿದರು. "ಅಂದ್ರೆ ನೀನು ಮೋಸಗಾರನೂ ಔದು, ಕೆಲ್ಸ ಬರದೋನೂ ಔದು!"

ನಾನು ಬ್ಯಾಗ್ ಹೆಗಲಿಗೆ ಹಾಕಿಕೊಂಡೆ. ಮೆಟ್ಟಿಲ ಹತ್ತಿರ ಹೋಗಿರಬೇಕು, ಅಡುಗೆಮನೆಯ ಬಾಗಿಲಿಂದ ದನಿ ಬಂತು.

"ಆ ಮೂರು ನಂದಪ್ಪ."

ಇಬ್ಬರೂ ತಿರುಗಿದೆವು. ಟೀಚರ್ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ಮುಖ ಕೆಂಪಗಾಗಿತ್ತು.

"ಮೈಸೂರೋನು ಸರಿ ಮಾಡಿದ್ಮೇಲೆ ತಲೆಕೆಳಗಾಯ್ತಲ್ಲವ್ವ," ಅಂದರು ಯಜಮಾನರು, "ಅದು?"

"ಅದೂ ನಂದೇ," ಅಂದರು ಟೀಚರ್. "ಎರಡು ತಿಂಗಳು ಕಾದೆ ಅಪ್ಪ. ತಾನಾಗೇ ಕೆಡ್ಲೇ ಇಲ್ಲ."