ನನ್ನ ಮುಖ ಹಾಕಿಕೊಂಡು ಪುಡಿ ಮಾರಿದವಳು

ನನ್ನ ಮುಖದ ಬಗ್ಗೆ ನನಗೆ ಎಂದೂ ಅಂಥ ಅಭಿಮಾನ ಇರಲಿಲ್ಲ. ನನ್ನ ಆಧಾರ್ ಕಾರ್ಡು ನೋಡಿದರೆ ನಿಮಗೂ ಹುಟ್ಟಲಾರದು. ಮದುವೆಮನೆಯ ಫೋಟೋಗಳಲ್ಲಿ ಮೂರನೆಯ ಸಾಲಿನಲ್ಲಿ, ಯಾರದೋ ಭುಜದ ಹಿಂದೆ ನಿಂತು ಆಯುಷ್ಯ ಕಳೆದವಳು ನಾನು. ಇಂಥ ಮುಖವನ್ನೂ ಯಾರಾದರೂ ಕದ್ದಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಕದ್ದರು. ಸುದ್ದಿ ತಿಳಿದಾಗ ಮೊದಲು ಸಿಟ್ಟು ಬಂತೆಂದರೆ ಸುಳ್ಳಾದೀತು. ಮೊದಲು ಬಂದದ್ದು ಚೂರು ಹೆಮ್ಮೆ.

ಪುಣೆಯ ವಾಕಡದ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಾನು ರೊಟ್ಟಿ ಬಡಿಯುವುದನ್ನು ಆಗಾಗ ವಿಡಿಯೋ ಮಾಡಿ ಹಾಕುತ್ತಿದ್ದೆ. ನೋಡುವವರು ನನ್ನ ತಂಗಿಯರು ಮತ್ತು ಅವರ ಓರಗಿತ್ತಿಯರು, ಅಷ್ಟೇ. ಯಾರೋ ಪುಣ್ಯಾತ್ಮರು ಅದರಿಂದ ನನ್ನ ಮುಖ, ದನಿ ಎರಡನ್ನೂ ಎತ್ತಿಕೊಂಡು, ಕೃತಕ ಬುದ್ಧಿಮತ್ತೆಯ ಕೈಗೆ ಕೊಟ್ಟು, ಸಕ್ಕರೆ ಕಾಯಿಲೆಯ ಪುಡಿಯೊಂದಕ್ಕೆ ಜಾಹೀರಾತು ಮಾಡಿದ್ದರು. "ವೀಕ್ಷಕರೇ, ನಿಮ್ಮ ಮಾತ್ರೆಗಳನ್ನು ಇಂದೇ ಎಸೆಯಿರಿ, ಈ ಪುಡಿಯೊಂದೇ ಸಾಕು" ಎಂದು ನಾನು ಅದರಲ್ಲಿ ನಗುನಗುತ್ತಾ ಹೇಳುತ್ತಿದ್ದೆ. ಹುಟ್ಟಿದಾಗಿನಿಂದ ಗದಗಿನ ಮಾತು ಬಿಡದ ನಾನು! ಯಜಮಾನರು ಎರಡೆರಡು ಸಲ ನೋಡಿ, "ಈಕಿ ಭಾಳ ಸಮಾಧಾನದಾಕಿ ಕಾಣ್ತಾಳ" ಎಂದು ನಿಟ್ಟುಸಿರು ಬಿಟ್ಟರು.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಬಿಡುತ್ತಿದ್ದೆ. ಆದರೆ ಎದುರುಮನೆಯ ಗಂಗಕ್ಕ ಲಿಫ್ಟಿನಲ್ಲಿ ತಲೆ ಸುತ್ತಿ ಕುಸಿದರು. ಧಾರವಾಡದ ಕಡೆಯವರು, ಎಪ್ಪತ್ತು ದಾಟಿದವರು, ಪುಣೆಯಲ್ಲಿ ನನಗೆ ತಾಯಿಯ ಹಾಗೆ ಇರುವವರು. ವಿಚಾರಿಸಿದರೆ, ವಾರದಿಂದ ಸಕ್ಕರೆ ಗುಳಿಗೆ ಬಿಟ್ಟು ಆ ಪುಡಿ ತರಿಸಿ ತಿನ್ನುತ್ತಿದ್ದಾರೆ!

"ಅದು ನಾನಲ್ರೀ ಗಂಗಕ್ಕ. ನಾ ಎಂದರ ಹಂಗ ಮಾತಾಡ್ತೀನೇನ್ರೀ?"

"ಮನ್ಯಾಗ ಹೆಂಗರ ಮಾತಾಡ್ತೀವಿ, ನಾಕು ಮಂದಿ ಮುಂದ ಶುದ್ಧ ಮಾತಾಡೂದ ಪದ್ಧತಿ. ಕನ್ನಡ ಸಂಘದಾಗ ಸ್ವಾಗತ ಭಾಷಣ ಮಾಡುವಾಗ ನೀನೂ ಹಿಂಗ ಮಾತಾಡಿದ್ದಿ."

ಮಾಡಿದ್ದೆ. ಗುಳಿಗೆ ತಗೊಳ್ಳಿ ಎಂದು ಗೋಗರೆದರೂ ಅವರು ಜಗ್ಗಲಿಲ್ಲ. "ಫೋನಿನ್ಯಾಗಿನ ನೀನು ಬ್ಯಾಡ ಅಂತಿ, ಇಲ್ಲಿ ನಿಂತ ನೀನು ಬೇಕಂತಿ. ಯಾರ ಮಾತು ಕೇಳ್ಲಿ?" ಆಕೆಗೆ ಏನಾದರೂ ಆದರೆ ಕಾರಣ ನನ್ನ ಮುಖವೇ ಆಗುತ್ತದಲ್ಲ ಎಂದು ಅಳುವೇ ಬಂತು.

ಮರುದಿನವೇ ಶಿವಾಜಿನಗರದ ಕೋರ್ಟಿಗೆ ಓಡಿದೆ. ಅಲ್ಲಿ ವಿಜಯಪುರದ ಕಡೆಯ ವಕೀಲರೊಬ್ಬರು ನನ್ನನ್ನೂ ಫೋನನ್ನೂ ಬದಲಿಸಿ ಬದಲಿಸಿ ನೋಡಿ, "ದೊಡ್ಡ ಮಂದಿ ಹೈಕೋರ್ಟಿಗೆ ಹೋಗಿ ತಮ್ಮ ಮುಖ, ದನಿ ಯಾರೂ ಮುಟ್ಟಬಾರದಂತ ಆದೇಶ ತರ್ತಾರ್ರೀ. ನೀವು ಹೆಸರು ಮಾಡಿದವರಲ್ಲ, ಖರೆ. ಆದ್ರ ಮುಖ ನಿಮ್ಮದ ಅದಲ್ರೀ? ಸೈಬರ್ ಪೊಲೀಸರಿಗೆ ದೂರು ಕೊಡೂಣು, ವಿಡಿಯೋ ತಗೀರಿ ಅಂತ ಆ್ಯಪಿನವರಿಗೂ ಬರಿಯೂಣು. ಆದದ್ದೆಲ್ಲಾ ನಿಮ್ಮ ಕನ್ನಡದಾಗ ಬರಕೊಂಡು ಬರ್ರಿ, ನಾ ಮರಾಠಿ ಮಾಡ್ತೀನಿ" ಎಂದರು. ಈ ಮುಖ ನನ್ನದೇ ಎಂದು ಕಾನೂನು ತಿಳಿದವರೊಬ್ಬರು ಹೇಳಿದ್ದು ಕೇಳಿ ಎಷ್ಟು ಸಮಾಧಾನವಾಯಿತೆಂದರೆ, ಬಸ್ಸಿನಲ್ಲಿ ಕಿಟಕಿ ಪಕ್ಕ ಸ್ವಲ್ಪ ಗತ್ತಿನಿಂದಲೇ ಕುಳಿತೆ.

ಮನೆಗೆ ಬಂದವಳೇ ಮೂರು ಪುಟ ಬರೆದೆ. "ಔಷಧಿ ಬಿಡಿರೆಂದು ನಾನು ಜನ್ಮದಲ್ಲಿ ಯಾರಿಗೂ ಹೇಳಿದವಳಲ್ಲ" ಎಂಬ ಸಾಲಿಗೆ ಅಡಿಗೆರೆ ಎಳೆದು, ಇದನ್ನು ಓದಿಯಾದರೂ ನಂಬಲಿ ಎಂದು ಗಂಗಕ್ಕನ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಆ ಸಾಲಿಗೆ ಬಂದು ನಿಂತರು.

"ಹ್ವಾದ ದೀಪಾವಳಿಗೆ, ದಿನಾ ಎರಡು ಎಸಳು ಬಳ್ಳೊಳ್ಳಿ ತಿನ್ರಿ, ಬಿಪಿ ಗುಳಿಗೆ ಎದಕ್ಕ ಬೇಕು ಅಂದಾಕಿ ಯಾರವಾ? ಆಕಿನೂ ಫೋನಿನ್ಯಾಗಿನಾಕಿನ ಏನು?"

ನಾನೇ. ಯಾವ ಯಂತ್ರದ ಸಹಾಯವೂ ಇಲ್ಲದೆ, ಅಪ್ಪಟ ಗದಗಿನ ಮಾತಿನಲ್ಲಿ, ಅವರದೇ ಸೋಫಾದ ಮೇಲೆ ಕುಳಿತು, ಅವರದೇ ಚಕ್ಕಲಿ ತಿನ್ನುತ್ತಾ ಹೇಳಿದ್ದೆ. ಪುಡಿಯವಳ ಮಾತು ಗಂಗಕ್ಕ ಸುಮ್ಮನೆ ನಂಬಿರಲಿಲ್ಲ. ಅದು ನಾನು ಹೇಳುವಂಥದೇ ಮಾತಾಗಿತ್ತು.

"ತಪ್ಪಾತ್ರೀ ಗಂಗಕ್ಕ. ಸಕ್ಕರಿದು, ಬಿಪಿದು ಎರಡೂ ಗುಳಿಗೆ ತಗೋರಿ, ಡಾಕ್ಟರು ಹೇಳಿದ್ದಷ್ಟ ಕೇಳ್ರಿ. ನನ್ನ ಮಾತೂ ಕೇಳಬ್ಯಾಡ್ರಿ" ಎಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಈಗ ನೀನ ಅಂತ ಖಾತ್ರಿ ಆತು" ಎಂದು ಗುಳಿಗೆ ನುಂಗಿ ನೀರು ಕುಡಿದರು.

ನಾನು ಅಡಿಗೆರೆ ಎಳೆದ ಸಾಲನ್ನು ಪೂರ್ತಿ ಹೊಡೆದುಹಾಕಿ, ಅದರ ಜಾಗದಲ್ಲಿ ಬರೆದೆ: "ಈ ಸಲ ಹೇಳಿದವಳು ನಾನಲ್ಲ."