ಒಣ ನೆಲದ ಗ್ಯಾರಂಟಿ

ಗೋಕಾಕ ಫಾಲ್ಸಿನ ಶಿದ್ಲಿಂಗಪ್ಪ ಗಿರಣಿಯ ಕೆಲಸ ಬಿಟ್ಟು, ಹಳೆಯ ಮೋಟಾರು ಕಾರೊಂದನ್ನು ಕೊಂಡು ಬಾಡಿಗೆಗೆ ಓಡಿಸತೊಡಗಿ ಎರಡು ವರ್ಷವಾಗಿತ್ತು. ೧೯೫೮ರ ಬೇಸಿಗೆಯಲ್ಲಿ ಅವನಿಗೊಂದು ಘನವಾದ ವಿಚಾರ ಹೊಳೆಯಿತು: ಮೋಟಾರು ನಿಲ್ಲುವ ಶೆಡ್ಡಿನ ಸಿಮೆಂಟು ನೆಲಕ್ಕೆ ಬಣ್ಣ ಹೊಡೆಸಬೇಕು. ಬೆಳಗಾವಿಯ ಬಣ್ಣದ ಏಜೆಂಟ ಕೇದಾರಿ ಕೆಂಪು ಬಣ್ಣದ ಡಬ್ಬಿಗಳ ಜೊತೆ ಐದು ವರ್ಷದ ಗ್ಯಾರಂಟಿ ಕಾಗದವನ್ನೂ ತಂದ. ಶಿದ್ಲಿಂಗಪ್ಪ ಮೇಲಿನ ದಪ್ಪ ಅಕ್ಷರಗಳನ್ನು ಎರಡು ಸಲ ಓದಿ, ಸಣ್ಣ ಅಕ್ಷರಗಳ ಕೆಳಗೆ ಸಹಿ ಹಾಕಿದ. (ಅವನ್ನು ಓದಲು ಚಾಳೀಸು ಕನ್ನಡಕ ಬೇಕಿತ್ತು, ಸಹಿಗೆ ಬೇಕಿರಲಿಲ್ಲ.)

"ಒಂದು ಮಳಿಗಾಲ ದಾಟಲಿ ತಡೀರಿ. ಈ ಊರಾಗ ಗ್ವಾಡಿ ಸುದ್ದಾ ಒಣಗೂದಿಲ್ಲ" ಎಂದಳು ಹೆಂಡತಿ ಅಲ್ಲವ್ವ.

"ಕಾಗದ ಐತಿ" ಎಂದ ಶಿದ್ಲಿಂಗಪ್ಪ.

ನೆಲ ಥಳಥಳಿಸಿತು. ಗರ್ಭಗುಡಿಗೆ ಹೋಗುವವನಂತೆ ಅವನು ಚಪ್ಪಲಿ ಕಳಚಿ ಶೆಡ್ಡಿನೊಳಗೆ ಹೋಗುತ್ತಿದ್ದ. ಆಷಾಢದ ಮಳೆ ಹಿಡಿಯಿತು, ಜಲಪಾತದ ತುಂತುರು ಊರ ತುಂಬ ಹರಡಿತು. ಒಂದು ಬೆಳಿಗ್ಗೆ ನೋಡಿದರೆ ನೆಲದ ತುಂಬ ಎಣ್ಣೆಗೆ ಬಿದ್ದ ಹಪ್ಪಳದಂಥ ಗುಳ್ಳೆಗಳು. ಒಂದನ್ನು ಒತ್ತಿದ, ನೀರು ಚಿಮ್ಮಿತು.

ಆಗ ಚಾಳೀಸು ಏರಿಸಿದ. ಮೊದಲ ಸಾಲಿನಲ್ಲೇ 'ಹೊರಗಿನ ನೀರು ತಾಗಿದ ನೆಲಕ್ಕೆ ಗ್ಯಾರಂಟಿ ಇಲ್ಲ' ಎಂದಿತ್ತು; ಓದು ಅಲ್ಲಿಗೇ ನಿಂತಿತು. ಮಳೆಯಲ್ಲಿ ತೊಯ್ದು ಬರುವ ಮೋಟಾರಿನಿಂದಲೇ ನೀರು ಸೋರುವುದು! ಕೇದಾರಿಗೆ ಪತ್ರ ಬರೆದು, ಮೋಟಾರನ್ನು ಬೀದಿಗೆ ತಂದು ನಿಲ್ಲಿಸಿದ. ಅದಕ್ಕೆ ಹೊದಿಸಲು ಅಲ್ಲವ್ವನ ತವರಿನ ಎರಡು ಕೌದಿಗಳು ಹೋದವು.

"ಗಾಡಿ ಸಲುವಾಗಿ ನೆಲಾನೋ, ನೆಲದ ಸಲುವಾಗಿ ಗಾಡೀನೋ?" ಎಂದು ಅವಳು ಕೇಳಿದಳು.

ಪ್ರಶ್ನೆ ಅವನನ್ನು ಚುಚ್ಚಿತು. ಆದರೆ ಇಷ್ಟು ದೂರ ಬಂದ ಮೇಲೆ ಹಿಂದಕ್ಕೆ ತಿರುಗುವುದು ಹೇಗೆಂದು ತಿಳಿಯಲಿಲ್ಲ.

ಅಲ್ಲವ್ವ ಸುಮ್ಮನಿರಲಿಲ್ಲ. ಬಣ್ಣ ಎದ್ದುಹೋದ ಕಡೆ ನೆಲ ಒರೆಸಿ, ಬೋಗುಣಿಯೊಂದನ್ನು ಬೋರಲು ಹಾಕಿದಳು. ಮರುದಿನ ಎತ್ತಿದರೆ ಒಳಗೆಲ್ಲ ಹನಿ.

"ನೋಡ್ರಿ, ಇದು ಗಾಡಿ ತಂದ ನೀರಲ್ಲ. ಭೂಮಿ ಬೆವರಾಕತ್ತೈತಿ. ಮ್ಯಾಲೆ ಬಣ್ಣ ಮುಚ್ಚಿದ್ದಕ್ಕ ಅದಕ್ಕ ಹೊರಗ ಬರಾಕ ಹಾದಿ ಸಿಗವಲ್ದು."

ಶಿದ್ಲಿಂಗಪ್ಪನ ಮುಖ ಅರಳಿತು. "ಹಂಗಾರ ಹೊರಗಿನ ನೀರಲ್ಲ. ಗ್ಯಾರಂಟಿ ಗಟ್ಟಿ ಐತಿ."

ಮೂರು ವಾರದ ಮೇಲೆ ಕೇದಾರಿ ಬಂದ. ಬೋಗುಣಿಯ ಕತೆಯನ್ನು ಭಕ್ತಿಯಿಂದ ಕೇಳಿದ.

"ಅಕ್ಕಾರು ಹೇಳಿದ್ದು ಖರೆ ಐತ್ರಿ. ಆದ್ರ ತಳದ ಹಸಿಗೂ ಗ್ಯಾರಂಟಿ ಇಲ್ರಿ. ನೆಲ ಪೂರಾ ಒಣಗೈತಿ ಅಂತ ನೀವ ಸಹಿ ಮಾಡೀರಿ. ಇನ್ನೊಂದ್ರಿ, ಇದು ಮೋಟಾರು ನಿಲ್ಲೋ ನೆಲಕ್ಕ ಕೊಟ್ಟ ಕಾಗದ. ಮೋಟಾರು ಎಲ್ಲೈತ್ರಿ?"

ಶಿದ್ಲಿಂಗಪ್ಪ ಬೀದಿಯ ಕಡೆ ಕೈ ತೋರಿಸಿದ. ನೆಲ ಕಾಯಲು ಹೋಗಿ ಹೊಟ್ಟೆಗೆ ಅನ್ನ ಕೊಡುವ ಗಾಡಿಯನ್ನೇ ಮಳೆಗೆ ಬಿಟ್ಟಿದ್ದೇನೆಂದು ಅವನಿಗೆ ಆಗ ನಿಚ್ಚಳವಾಗಿ ಕಂಡಿತು. ಓಡಿಹೋಗಿ ಕೌದಿ ಸರಿಸಿ ಹ್ಯಾಂಡಲ್ ತಿರುವಿದ. ಮೋಟಾರು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮರುದಿನ ಬಾಡಿಗೆ ಹೇಳಿದ್ದ ಮೇಲವಂಕಿ ಊರಿನವರನ್ನು ಹುಕ್ಕೇರಿಗೆ ಕನ್ಯೆ ನೋಡಲು ಒಯ್ಯಬೇಕಿತ್ತು. ಅವರು ಬಸ್ಸಿಗೆ ಹೋದರು. ಕೇದಾರಿಯೂ ಬಸ್ಸಿಗೇ ಹೋದ, ಆದರೆ ಮೋಟಾರನ್ನು ಶೆಡ್ಡಿನೊಳಗೆ ನೂಕಲು ಕೈಹಚ್ಚಿದ ಮೇಲೆ.

ಮಳೆ ನಿಂತ ಮೇಲೆ ಶಿದ್ಲಿಂಗಪ್ಪ ಮೊಣಕಾಲೂರಿ ಬಣ್ಣ ಕೆರೆದ. ಬರೀ ಸಿಮೆಂಟು ಹೊರಬಿತ್ತು. ಅದು ನಿಧಾನವಾಗಿ ಒಣಗುವುದನ್ನು ನೋಡುತ್ತ ಕುಳಿತಾಗ ಅವನಿಗೆ ಏನೋ ಸಮಾಧಾನವೆನಿಸಿತು.

"ಇನ್ನ ಇದಕ್ಕ ಏನೂ ಮಾಡೂದು ಬ್ಯಾಡಲ್ಲ?" ಎಂದು ಕೇಳಿದ.

"ಏನೂ ಬ್ಯಾಡ. ಮಳಿಗಾಲದಾಗ ದಿನಾ ಒಮ್ಮೆ ಒರಸಿದ್ರ ಸಾಕು."

"ಯಾರು ಒರಸೂದು?"

"ನೆಲ ಒಣಗೈತಿ ಅಂತ ಸಹಿ ಯಾರು ಮಾಡ್ಯಾರ?" ಎಂದು ಅಲ್ಲವ್ವ ಒರೆಸುವ ಅರಿವೆಯನ್ನು ಅವನ ಕೈಗೆ ಕೊಟ್ಟಳು.