ಗೋಡೆಯಾಚೆಗೆ ಹೋದ ಬಟ್ಟಲು: ದೂರಕ್ಷಯ ನಿಯಮದವರಿಗೆ ಬಹಿರಂಗ ಪತ್ರ

ಮಾನವ ಭೂಗೋಳಶಾಸ್ತ್ರ ಪಠ್ಯದ ಮೂರನೇ ಅಧ್ಯಾಯದಲ್ಲಿ, ಚೌಕಟ್ಟಿನೊಳಗೆ, ದಪ್ಪಕ್ಷರದಲ್ಲಿ ವಿರಾಜಮಾನರಾಗಿರುವ ಮಾನ್ಯ ದೂರಕ್ಷಯ ನಿಯಮದವರೇ,

ಮಹ್ದಿಯಾ ಊರಿನ, ಪ್ರಥಮ ವರ್ಷದ, ಇನ್ನೂ ಯಾವ ಪರೀಕ್ಷೆಯನ್ನೂ ದಾಟಿರದ ವಿದ್ಯಾರ್ಥಿನಿಯೊಬ್ಬಳ ಸಲಾಮನ್ನು ತಾವು ಸ್ವೀಕರಿಸಬೇಕು. ತಾವು ಕ್ಷೇಮವೆಂದೇ ನಂಬಿದ್ದೇನೆ. ಚೌಕಟ್ಟಿನೊಳಗೆ ಇರುವವರಿಗೆ ಏನು ತಾನೇ ಆದೀತು?

"ದೂರ ಹೆಚ್ಚಿದಂತೆ ಜನರ ನಡುವಿನ ಒಡನಾಟ ಕುಗ್ಗುತ್ತದೆ" ಎಂಬ ತಮ್ಮ ವಾಕ್ಯವನ್ನು ಹಾಸ್ಟೆಲಿನ ಕನ್ನಡಿಗೆ ಅಂಟಿಸಿಕೊಂಡು, ಹಲ್ಲುಜ್ಜುತ್ತಲೇ ಬಾಯಿಪಾಠ ಮಾಡಿದವಳು ನಾನು. ಸ್ಥಳ, ಗಡಿ, ಪ್ರಸರಣ, ವಲಸೆ ಇವರೆಲ್ಲ ತಮ್ಮ ನೆರೆಪುಟದವರೇ ಆದರೂ ಪ್ರತಿಯೊಬ್ಬರ ಹಿಂದೆಯೂ "ಆದರೆ ಕೆಲವು ವಿದ್ವಾಂಸರ ಪ್ರಕಾರ" ಎಂಬ ಬಾಲವಿದೆ. ತಮಗೊಬ್ಬರಿಗೇ ಬಾಲವಿಲ್ಲ. ನನ್ನಂಥ ಪುಕ್ಕಲಿಗೆ ಅಷ್ಟು ಖಚಿತವಾಗಿ ಮಾತಾಡುವವರನ್ನು ಕಂಡರೆ ಎದ್ದು ನಿಲ್ಲಬೇಕೆನಿಸುತ್ತದೆ.

ವಿಷಯಕ್ಕೆ ಬರುತ್ತೇನೆ. ಪ್ರವಾದಿಯವರ ಹುಟ್ಟುಹಬ್ಬದಂದು ನಮ್ಮೂರಲ್ಲಿ ಪೈನ್ ಬೀಜ ಅರೆದು ಅಸೀದಾ ಎಂಬ ಕಪ್ಪು ಸಿಹಿಗಂಜಿ ಕಾಯಿಸಿ, ಮೇಲೆ ಬಿಳಿ ಕೆನೆ ಹರಡಿ, ಬಾದಾಮಿ ಪಿಸ್ತಾಗಳಿಂದ ಚಿತ್ತಾರ ಬಿಡಿಸಿ ಮನೆಮನೆಗೆ ಬಟ್ಟಲು ಕಳಿಸುವುದು ತಮಗೆ ತಿಳಿಯದ್ದಲ್ಲ. ನಮ್ಮ ತಿಜಾನಿ ಮೇಷ್ಟ್ರು ಅದನ್ನೇ ಅಸೈನ್‌ಮೆಂಟ್ ಮಾಡಿದರು: ನಿಮ್ಮ ಮನೆಯ ಬಟ್ಟಲುಗಳ ದಾರಿಯನ್ನು ಮ್ಯಾಪಿನ ಮೇಲೆ ಗೆರೆ ಎಳೆದು ನಿಯಮವನ್ನು ಸಾಬೀತುಪಡಿಸಿ. ಸಾಬೀತಾಗದಿದ್ದರೆ ಎಂದು ಕೇಳಿದ್ದಕ್ಕೆ, "ಆಗದೆ ಎಲ್ಲಿ ಹೋಗ್ತದಮ್ಮ, ಅದು ನಿಯಮ" ಎಂದರು.

ಗೆರೆ ಎಳೆದೆ. ಸಮುದ್ರದಾಚೆ ಮಾರ್ಸೆಯ್‌ನಲ್ಲಿರುವ ರಶೀದಾ ಅತ್ತೆಗೆ, ವಿಮಾನ ಹತ್ತುವವರ ಕೈಯಲ್ಲಿ, ಅರೆದ ಬೀಜದ ಪೊಟ್ಟಣ. ಸೂಸ್ ಪಟ್ಟಣದ ಝಕಿಯಾ ಅತ್ತೆಗೆ, ಬಾಡಿಗೆ ವ್ಯಾನಿನವನ ತೊಡೆಯ ಮೇಲೆ, ತುಂಬಿದ ಬಟ್ಟಲು. ಗೋಡೆಗೆ ಗೋಡೆ ಹೊಂದಿಕೊಂಡಿರುವ ಮೊಂಜಿ ದೊಡ್ಡಪ್ಪನ ಮನೆಗೆ ಮಾತ್ರ ಏನೂ ಇಲ್ಲ. ತಮ್ಮ ಲೆಕ್ಕದಲ್ಲಿ ಅತಿ ದಪ್ಪ ಗೆರೆ ಇರಬೇಕಾದಲ್ಲಿ ನನ್ನ ಮ್ಯಾಪು ಬೆಳ್ಳಗಿತ್ತು.

ನನ್ನ ತಾಯಿ ಇಂಗ್ಲೆಂಡಿನವರು, ನಾನು ಎಳವೆಯಿಂದ ಹಾಸ್ಟೆಲಿನವಳು; ಹೀಗಾಗಿ ಮನೆತನದ ಜಗಳಗಳು ನನಗೆ ತಲುಪುವಷ್ಟರಲ್ಲಿ ಹಳಸಿರುತ್ತವೆ. ತಮ್ಮ ಮೇಲಿನ ಭಕ್ತಿಯಿಂದ ನಾನೇ ಒಂದು ಬಟ್ಟಲು ತುಂಬಿ ದೊಡ್ಡಪ್ಪನ ಬಾಗಿಲು ತಟ್ಟಿಬಿಟ್ಟೆ. ಅವರು ಬಟ್ಟಲನ್ನೂ ನನ್ನನ್ನೂ ನೋಡಿ, "ಯಾರು ಕಳ್ಸಿದ್ದು, ನಿಮ್ಮಪ್ಪನಾ?" ಎಂದರು. "ಇಲ್ಲ ದೊಡ್ಡಪ್ಪ, ಪುಸ್ತಕ" ಎಂದೆ. ಒಳಗಿನಿಂದ ಅಜ್ಜಿ, "ಯಾವ ಪುಣ್ಯಾತ್ಮನೋ ಪುಸ್ತಕ, ಒಳಗೆ ಕರ್ಕೊಂಡು ಬಾರೋ" ಎಂದು ಕೂಗಿದರು. ದೊಡ್ಡಪ್ಪ ಬಟ್ಟಲನ್ನಷ್ಟೇ ಒಳಗೆ ಕರೆದುಕೊಂಡರು.

ಮನೆಗೆ ಬಂದ ಮೇಲೆ ಅಪ್ಪ ತಲೆ ಮೇಲೆ ಕೈ ಹೊತ್ತರು. ಮನೆ ಪಾಲಾದ ದಿನ ದೊಡ್ಡಪ್ಪ ತಾತನ ಗೋರಿ ಮುಟ್ಟಿ, ತನ್ನ ಬಾಗಿಲಿನಿಂದ ತಮ್ಮನ ಬಾಗಿಲಿಗೆ ಒಂದು ನರಪಿಳ್ಳೆಯೂ ಒಂದು ಕಾಳೂ ಹೋಗದು ಎಂದು ಆಣೆ ಇಟ್ಟಿದ್ದರಂತೆ. ಆಣೆ ಇಟ್ಟವನೇ ಮೊದಲು ಬರಲಿ ಎಂದು ಅಪ್ಪನ ಹಟ. ಅಜ್ಜಿ ಆ ಕಡೆ ಉಳಿದರು. ಅಂದಿನಿಂದ ಅಜ್ಜಿಯೂ ಅಪ್ಪನೂ ಒಂದೇ ತಟ್ಟೆಗೆ ಕೈ ಹಾಕಿಲ್ಲ. ಗೋಡೆಯಾಚೆ ಅಜ್ಜಿ ಕೆಮ್ಮಿದರೆ ಈಚೆ ಅಪ್ಪ ತುತ್ತು ಕೆಳಗಿಡುತ್ತಾರೆ, ಅಷ್ಟೆ. ಈಗ ನನ್ನಿಂದಾಗಿ ಇನ್ನೊಂದು ತೊಡಕು: ಹಬ್ಬದ ಬಟ್ಟಲನ್ನು ಖಾಲಿ ಮರಳಿಸಿದರೆ ಮರ್ಯಾದೆ ಹೋಗುತ್ತದೆ, ತುಂಬಿ ಮರಳಿಸಿದರೆ ಆಣೆ ಮುರಿಯುತ್ತದೆ.

ಮಾನ್ಯರೇ, ಬಟ್ಟಲು ಮರಳಿತು. ದೊಡ್ಡಪ್ಪ ಅದನ್ನು ತುಂಬಿಸಿ, ಬಟ್ಟೆ ಕಟ್ಟಿ, ವ್ಯಾನಿನಲ್ಲಿ ಸೂಸ್‌ಗೆ ಕಳಿಸಿದ್ದರು. ಝಕಿಯಾ ಅತ್ತೆ ತಮ್ಮ ಬಾಗಿಲಿನಿಂದ ಇನ್ನೊಂದು ವ್ಯಾನಿನಲ್ಲಿ ನಮಗೆ ಕಳಿಸಿದರು. ಆಣೆಗೆ ಗೀರು ಕೂಡ ಬೀಳಲಿಲ್ಲ. ಒಂದು ಗೋಡೆ ದಾಟಲು ಬಟ್ಟಲು ಇನ್ನೊಂದು ಪಟ್ಟಣ ಸುತ್ತಿ ಬಂದಿತ್ತು. ಕೆನೆಯ ಮೇಲೆ ಬಾದಾಮಿಯ ಮೀನೊಂದು ಬಾಲ ವಕ್ರವಾಗಿ ಮಲಗಿತ್ತು. ಅಪ್ಪ ಅದನ್ನು ನೋಡಿ, "ಅಮ್ಮಂದೇ ಕೈ, ಬಾಲ ಯಾವತ್ತೂ ನೆಟ್ಟಗೆ ಬರಲ್ಲ ಅವಳಿಗೆ" ಎಂದು, ಬಾಲವನ್ನು ಮಾತ್ರ ಬಿಟ್ಟು ಉಳಿದದ್ದನ್ನು ತಿಂದರು.

ಈ ಗೆರೆಯನ್ನೂ ಎಳೆದು ಮೇಷ್ಟ್ರಿಗೆ ಒಪ್ಪಿಸಿದೆ. ಅಂಚಿನಲ್ಲಿ "ಅಳತೆಯಲ್ಲಿ ದೋಷ" ಎಂದು ಬರೆದು ಮರಳಿಸಿದ್ದಾರೆ. ದೋಷ ನನ್ನದೇ, ತಮ್ಮದು ಹೇಗಾದೀತು? ಆದ್ದರಿಂದ ತಮ್ಮ ಗೌರವ ಉಳಿಸುವ ಸಲುವಾಗಿಯೇ ಒಂದು ಸಣ್ಣ ಬೇಡಿಕೆ: ನಮ್ಮ ಎರಡು ಮನೆಗಳ ನಡುವಿನ ಅಂತರವನ್ನು ದಯವಿಟ್ಟು ಹೆಚ್ಚಿಸಿಕೊಡಿ. ಮಾರ್ಸೆಯ್‌ನಷ್ಟು ದೂರವಾದರೆ ಇವರು ದಿನಕ್ಕೆರಡು ಸಲ ಫೋನು ಮಾಡಿಕೊಳ್ಳುತ್ತಾರೆ. ಅಷ್ಟು ಸಾಧ್ಯವಿಲ್ಲದಿದ್ದರೆ ಗೋಡೆಯ ಮೇಲೆ ಸಮುದ್ರದ ಒಂದು ತುಂಡನ್ನಾದರೂ ಸುರಿಸಿಕೊಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ, ಮರುಪರೀಕ್ಷೆಗೂ ತಮ್ಮನ್ನೇ ಬಾಯಿಪಾಠ ಮಾಡುತ್ತಿರುವ
ಆರಿಜ್ ಬೆನ್ ಹ್ಮೀದಾ

ಮರೆತ ಮಾತು: ಇಂದು ಬೆಳಿಗ್ಗೆ ಅಜ್ಜಿ ಗಂಟು ಕಟ್ಟಿಕೊಂಡು, "ಸೂಸಿಂದ ನನ್ನ ಚಿಕ್ಕ ಮಗನ ಮನೆ ಹತ್ರ ಕಣೋ" ಎಂದು ದೊಡ್ಡಪ್ಪನಿಗೆ ಹೇಳಿ ವ್ಯಾನು ಹತ್ತಿದ್ದಾರೆ, ಗಂಟನ್ನು ನಿಲ್ದಾಣದವರೆಗೆ ಹೊತ್ತವರು ದೊಡ್ಡಪ್ಪನೇ. ಅಪ್ಪ ಆಗಿನಿಂದಲೂ ಸೂಸ್‌ನ ವ್ಯಾನುಗಳು ಬಂದು ನಿಲ್ಲುವ ಕಡೆ, ಪ್ರತಿ ಬಾಗಿಲನ್ನೂ ತಾವೇ ತೆರೆಯುತ್ತ ನಿಂತಿದ್ದಾರೆ. ತಾವು ಇವತ್ತೊಂದು ದಿನ ಚೌಕಟ್ಟು ಬಿಟ್ಟು ಹೊರಗೆ ಬರಬೇಡಿ.